ನೀರಿನ ಚಿತ್ರ ಒತ್ತಿದ್ದು ಮೂವತ್ತೊಂದು ಸಲ

ಮಾರ್ಚ್ 23, ಭಾನುವಾರ. ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಬರೆಯಲು ಕೂತೆ.

ಓದಲು ವಿದೇಶಕ್ಕೆ ಬಂದಿರುವ ನಾನು ಬೆಡ್‌ಫರ್ಡ್ ಪಾರ್ಕ್‌ನಲ್ಲಿ ಇರುವ ಬಾಡಿಗೆ ಕೋಣೆ ಮೈಸೂರಿನ ಡಾಕ್ಟರ್ ದಂಪತಿಯ ಮನೆಯದು. ಕಳೆದ ವರ್ಷ ಅಂಕಲ್‌ಗೆ ಸ್ಟ್ರೋಕ್ ಆಗಿ ಬಲಗೈಯೂ ಮಾತೂ ಹೋದವು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ. ಅವರಿಗೆ ಹೇಳಲು ಆಗುವುದಿಲ್ಲ. ಆಂಟಿ ಇನ್ನೂ ಆಸ್ಪತ್ರೆ ಕೆಲಸಕ್ಕೆ ಹೋಗುತ್ತಾರೆ. ಮಂಗಳವಾರ, ಗುರುವಾರ ಎರಡರಿಂದ ಐದು ಗಂಟೆವರೆಗೆ ಅಂಕಲ್ ಜೊತೆ ಇರುವುದು ನನ್ನ ಕೆಲಸ.

ಸ್ಪೀಚ್ ಥೆರಪಿಸ್ಟ್ ಕೊಟ್ಟ ಟ್ಯಾಬ್ಲೆಟ್‌ನಲ್ಲಿ ಹನ್ನೆರಡು ಚಿತ್ರಗಳಿವೆ: ನೀರು, ಊಟ, ಬಾತ್‌ರೂಮ್, ನೋವು, ಹೀಗೆ. ಒತ್ತಿದರೆ ಅದು ಮಾತಾಡುತ್ತದೆ. ಚಿತ್ರಗಳನ್ನು ಆರಿಸಿದವಳು ನಾನು, ಕನ್ನಡದಲ್ಲಿ ರೆಕಾರ್ಡ್ ಮಾಡಿದ ದನಿಯೂ ನನ್ನದೇ. ಯಾವುದನ್ನು ಎಷ್ಟು ಸಲ ಒತ್ತುತ್ತಾರೆಂದು ಬರೆದಿಡಲು ಥೆರಪಿಸ್ಟ್ ಹೇಳಿದಾಗ ಖುಷಿಯಾಯಿತು. ಲೆಕ್ಕ ಇಡುವುದು ನನಗೆ ಬರುತ್ತದೆ.

ಮೊದಲ ನಾಲ್ಕು ಮಧ್ಯಾಹ್ನ: ನೀರು 31. ಕುಡಿದದ್ದು 7. ಪ್ರತಿ ಸಲವೂ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಟ್ಟು, ಲೋಟ ಹಿಡಿದು ಹೋಗುತ್ತಿದ್ದೆ. ಹೆಚ್ಚಿನ ಸಲ ಅವರು ಬೇಡವೆಂದು ತಲೆ ಅಲ್ಲಾಡಿಸಿ, ಎಡಗೈಯಲ್ಲಿ ಟಿವಿಯ ಕ್ರಿಕೆಟ್ ತೋರಿಸಿ ನಗುತ್ತಿದ್ದರು.

“ಕೇಳಿದ್ದು ನೀವೇ ಅಲ್ವಾ ಅಂಕಲ್? ಆಟ ಆಡಿಸ್ತೀರಾ ನನ್ನ?” ಎಂದು ಲೋಟ ವಾಪಸ್ ತರುತ್ತಿದ್ದೆ. ಪುಸ್ತಕದಲ್ಲಿ “ಕುಡಿಯಲಿಲ್ಲ” ಎಂದು ಗುರುತು ಹಾಕುತ್ತಿದ್ದೆ.

ಮಾರ್ಚ್ 4, ಮಂಗಳವಾರ. ಆನ್‌ಲೈನ್ ಕ್ಲಾಸಿನಲ್ಲಿ ನನ್ನ ಪ್ರೆಸೆಂಟೇಷನ್ ಇತ್ತು. ಹಾಲ್‌ನಿಂದ ನನ್ನದೇ ದನಿ “ನೀರು ಬೇಕು, ನೀರು ಬೇಕು” ಎನ್ನುತ್ತಿತ್ತು. ಎದ್ದು ಹೋಗಿ, ಅವರು ನೋಡುತ್ತಿದ್ದಂತೆಯೇ, ಟ್ಯಾಬ್ಲೆಟ್‌ನ ದನಿ ಪೂರ್ತಿ ಇಳಿಸಿದೆ. ಕೂತಲ್ಲಿಂದ ಕಾಣುತ್ತಿತ್ತು: ಒತ್ತಿದರು, ಟ್ಯಾಬ್ಲೆಟ್ ನೋಡಿದರು, ಒತ್ತಿದರು, ನನ್ನ ಕಡೆ ನೋಡಿದರು. ಐದು ಸಲ. ಆಮೇಲೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆಂಟಿ ಬರುವ ಮೊದಲು ದನಿ ಏರಿಸಿಟ್ಟೆ. ಆ ಐದನ್ನು, ಆ ದಿನದ ಏನನ್ನೂ ಬರೆಯಲಿಲ್ಲ.

ಗುರುವಾರ ಆಂಟಿ ಬೇಗ ಬಂದು ಪುಸ್ತಕ ತಿರುವಿದರು.

“ಮೂವತ್ತೊಂದು ಸಲ ನೀರಾ! ಮದ್ವೆಯಾದಾಗಿಂದ ಈ ಮನುಷ್ಯ ಕಾಫಿ ಬಿಟ್ಟು ಏನೂ ಕೇಳಿದ್ದಿಲ್ಲ ಕಣೇ.” ಅಂಕಲ್ ಕಡೆ ತಿರುಗಿದರು. “ರೀ, ನಿಜ ಹೇಳಿ, ಬಾಯಾರಿಕೆನಾ?”

ಅಲ್ಲವೆಂದು ತಲೆ ಅಲ್ಲಾಡಿತು.

“ಮತ್ತೆ? ಇವಳನ್ನ ಕರೆಯೋಕಾ? ಜೊತೆಗೆ ಕೂತು ಮ್ಯಾಚ್ ನೋಡ್ಲಿ ಅಂತಾನಾ?”

ಅಂಕಲ್ ಕಣ್ಣು ಮುಚ್ಚಿ ಹೌದೆಂದರು.

‘ಇಲ್ಲಿ ಬಾ’ ಎನ್ನುವ ಚಿತ್ರವನ್ನೇ ನಾನು ಇಟ್ಟಿರಲಿಲ್ಲ. ಕುಡಿಯದ ಇಪ್ಪತ್ನಾಲ್ಕು ಲೋಟ ನೀರು ಪುಸ್ತಕದಲ್ಲೇ ಇತ್ತು, ನನ್ನದೇ ಅಕ್ಷರದಲ್ಲಿ.

“ಮಂಗಳವಾರ ಏನೂ ಬರ್ದೇ ಇಲ್ವಲ್ಲೇ?” ಎಂದರು ಆಂಟಿ.

“ಆ ಮಧ್ಯಾಹ್ನ ಪೂರ್ತಿ ಅಂಕಲ್ ಮಲಗ್ಬಿಟ್ಟಿದ್ರು ಆಂಟಿ.”

ಅಂಕಲ್ ನನ್ನನ್ನು ನೋಡಿದರು. ‘ಸುಳ್ಳು’ ಎನ್ನಲೂ ಚಿತ್ರವಿರಲಿಲ್ಲ.

ಅಂದೇ ‘ಇಲ್ಲಿ ಬಾ’ ಸೇರಿಸಿದೆ. ಆಂಟಿ ಇದ್ದಾಗ ಅದನ್ನು ದಿನಕ್ಕೆ ಆರೇಳು ಸಲ ಒತ್ತುತ್ತಾರಂತೆ. ನನ್ನ ಮಧ್ಯಾಹ್ನಗಳು, ಮಾರ್ಚ್ 11, 13, 18, 20: ಸೊನ್ನೆ. ಕರೆಯದಿದ್ದರೂ ಪಕ್ಕದಲ್ಲೇ ಕೂರುತ್ತೇನೆ. ಟ್ಯಾಬ್ಲೆಟ್ ಹತ್ತಿರ ಸರಿಸಿದರೆ ಕೈ ಹಿಂದೆ ತೆಗೆದುಕೊಳ್ಳುತ್ತಾರೆ.

ಇವತ್ತು ಬೆಳಿಗ್ಗೆ ಎಲ್ಲವನ್ನೂ ಆಂಟಿಗೆ ಹೇಳಿದೆ. ಅವರು ಬೈಯಲಿಲ್ಲ. “ನಂಗ್ಯಾಕೆ ಹೇಳ್ತೀಯಾ? ಅವರ ಮುಂದೆ ಸುಳ್ಳು ಹೇಳಿದ್ದೀಯ, ಅವರಿಗೇ ಹೇಳು” ಎಂದರು. ಹೇಳಿದೆ. ಅಂಕಲ್ ಪೂರ್ತಿ ಕೇಳಿಸಿಕೊಂಡು ಟಿವಿಯ ಕಡೆ ತಿರುಗಿದರು. ಮಾರ್ಚ್ 4ರ ಸಾಲಿನಲ್ಲಿ ಈಗ “ದನಿ ಇಲ್ಲದೆ 5” ಎಂದು ಬರೆದಿದ್ದೇನೆ.

ಇಂಥ ಚಿತ್ರಗಳಿಂದ ಮಾತಾಡುವವರು ಒಬ್ಬರ ಎದುರು ಮಾತ್ರ ನಿಲ್ಲಿಸಿಬಿಟ್ಟರೆ ಮತ್ತೆ ಶುರುವಾಗಲು ಏನು ಮಾಡಬೇಕು? ಮನೆಯಲ್ಲಿ ಇದನ್ನು ಕಂಡವರು, ನನಗಿಂತ ಹೆಚ್ಚು ತಿಳಿದವರು ಬರೆಯಿರಿ. ಯಾವ ಚಿತ್ರಗಳನ್ನು ಮರೆತಿದ್ದೇನೆ ಎಂಬುದನ್ನೂ ತಿಳಿಸಿ.