ರಂಜಿತ ಸಿಸ್ಟರ್ ‘ಇಲ್ಲ’ ಎಂದು ಬರೆದದ್ದು

ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ರಂಜಿತ ಹದಿನಾಲ್ಕು ವರ್ಷಗಳಿಂದ ನರ್ಸ್. ರೇಷ್ಮೆ ಸಾಕುವ ಮನೆಯ ಹೆಣ್ಣುಮಗಳು. ಮಾತು ಕಡಿಮೆ. ಡ್ಯೂಟಿಗೆ ಹತ್ತು ನಿಮಿಷ ಮುಂಚೆಯೇ ಬರುವುದು, ಮೇಲಿನವರು ಗದರಿದರೆ ತಲೆ ತಗ್ಗಿಸಿ ಕೆಲಸ ಮುಂದುವರಿಸುವುದು ಅವರ ಸ್ವಭಾವ. ಅಂಥವರು ಒಂದೇ ದಿನ ಎರಡು ಸಲ ಅಧಿಕಾರಿಗೆ ಎದುರು ನಿಂತರು.

ರಾಜ್ಯ ಸರ್ಕಾರ ಆಗಷ್ಟೇ ಸೈಬರ್ ಸುರಕ್ಷತೆಯ ಕಾರ್ಯಕ್ರಮವೊಂದನ್ನು ಕಟ್ಟುತ್ತಿತ್ತು. ಕಂಪ್ಯೂಟರಿಗೆ ಕನ್ನ ಹಾಕುವವರನ್ನು ತಡೆಯುವುದು ಅದರ ಒಂದು ಭಾಗ. ತಡೆಯಲಾಗದೆ ಹೋದ ದಿನವೂ ಕಚೇರಿ, ಆಸ್ಪತ್ರೆಗಳು ನಿಲ್ಲದಂತೆ ನೋಡಿಕೊಳ್ಳುವುದು ಇನ್ನೊಂದು ಭಾಗ. ಇದಕ್ಕೆಂದು ಕೋಲಾರದಲ್ಲಿ ಎರಡು ದಿನ ತರಬೇತಿ ನಡೆಯಿತು. ಬೆಂಗಳೂರಿನಿಂದ ಬಂದಿದ್ದ ಚಂದ್ರಮೋಹನ್ ಎಂಬ ಅಧಿಕಾರಿ ಎಲ್ಲರನ್ನೂ ಕೇಳಿದರು: “ಬೆಳಿಗ್ಗೆ ಬರ್ತೀರ, ಒಂದು ಫೈಲೂ ತೆಗೆಯೋಕಾಗಲ್ಲ. ಹೊರಗಡೆ ರೋಗಿಗಳು ನಿಂತಿದ್ದಾರೆ. ಏನ್ ಮಾಡ್ತೀರ?”

ರಂಜಿತ ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದರು. ಕಂಪ್ಯೂಟರುಗಳೆಲ್ಲ ಲಾಕ್ ಆಗಿವೆ ಎಂದುಕೊಂಡು ಒಂದು ದಿನ ಆಸ್ಪತ್ರೆ ನಡೆಸಿ ನೋಡುವ ಅಣಕು ಪರೀಕ್ಷೆಯ ಹೊಣೆ, ಬೇರೆ ಯಾರೂ ಒಪ್ಪದಿದ್ದುದರಿಂದ, ಅವರ ಮೇಲೆಯೇ ಬಿತ್ತು.

ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನಿಲ್ಲಿಸಿದರು. ಚೀಟಿ, ಕೇಸ್ ಶೀಟ್, ಔಷಧಿ ಎಲ್ಲವೂ ಪೆನ್ನಿನಲ್ಲೇ. ಚಂದ್ರಮೋಹನ್ ಒಂದು ಹಲಗೆಗೆ ಫಾರಂ ಸಿಕ್ಕಿಸಿಕೊಂಡು ವಾರ್ಡಿನಲ್ಲಿ ಓಡಾಡುತ್ತಿದ್ದರು. ಮೊದಲ ಎರಡು ಗಂಟೆ ಯಾವ ತೊಂದರೆಯೂ ಆಗಲಿಲ್ಲ.

ಹನ್ನೆರಡು ದಾಟಿದ ಮೇಲೆ ಮುನಿಶಾಮಮ್ಮ ಎಂಬ ಐವತ್ತೈದರ ಹೆಂಗಸನ್ನು ಆಟೋದಲ್ಲಿ ಕರೆತಂದರು. ಕಾಲಿನ ಗಾಯ ಕೀವುಗಟ್ಟಿ ಮೊಣಕಾಲಿನ ತನಕ ಊದಿತ್ತು. ಜ್ವರದ ಮಂಪರಿನಲ್ಲಿ ಆಕೆಗೆ ಮಾತಾಡುವಷ್ಟು ಎಚ್ಚರವಿರಲಿಲ್ಲ. ಜೊತೆಗಿದ್ದವರು ಪಕ್ಕದ ಮನೆಯ ಬೈರಮ್ಮ ಒಬ್ಬರೇ. ಡಾಕ್ಟರ್ ಅನಿತ ಪರೀಕ್ಷಿಸಿ, ಪೆನಿಸಿಲಿನ್ ಜಾತಿಯ ಇಂಜೆಕ್ಷನ್ ಬರೆದರು.

ರಂಜಿತ ಸಿರಿಂಜಿಗೆ ಔಷಧಿ ಎಳೆದುಕೊಂಡು ಬೈರಮ್ಮನನ್ನು ಕೇಳಿದರು. “ಇವ್ರಿಗೆ ಯಾವ್ದಾದ್ರೂ ಇಂಜೆಕ್ಷನ್ ಆಗಿಬರಲ್ವಾ?”

“ನಾಕೇಂ ತೆಲುಸಮ್ಮಾ, ನಂಗೇನ್ ಗೊತ್ತು. ಹೋದ ವರ್ಷಾನೂ ಇಲ್ಗೇ ಬಂದಿದ್ಳು. ಮುಖ ಎಲ್ಲಾ ಊದ್ಕೊಂಡಿತ್ತು ಅಂತಿದ್ಳು. ಯಾಕೋ ಏನೋ.”

ರಂಜಿತರ ಕೈ ನಿಂತಿತು. ಬೇರೆ ದಿನವಾಗಿದ್ದರೆ ಹೆಸರು ಒತ್ತಿದ ಕೂಡಲೇ ಪರದೆಯ ಮೇಲೆ ಎಲ್ಲವೂ ಬರುತ್ತಿತ್ತು. ಕಳೆದ ವರ್ಷದ ವಿವರ ಕಾಗದದಲ್ಲಿ ಎಲ್ಲೂ ಇರಲಿಲ್ಲ.

“ಮೇಡಂ, ಕಂಪ್ಯೂಟರ್ ಹಾಕಿಸ್ತೀನಿ,” ಎಂದರು.

ಅನಿತ ಮಾತಾಡುವ ಮೊದಲೇ ಚಂದ್ರಮೋಹನ್ ಅಡ್ಡ ಬಂದರು. “ಲಾಕ್ ಆಗಿದೆ ಅಂತ ತಾನೇ ಪರೀಕ್ಷೆ? ನಿಜವಾಗ್ಲೂ ಆ ದಿನ ಬಂದ್ರೆ ಯಾರನ್ನ ಕೇಳ್ತೀರ ಸಿಸ್ಟರ್?”

“ಅವತ್ತು ಕೇಳೋಕಾಗಲ್ಲ ಸಾರ್. ಇವತ್ತು ಆಗುತ್ತೆ.”

“ಮಧ್ಯದಲ್ಲಿ ನಿಲ್ಲಿಸಿದ್ರೆ ಮೇಲಿನವರಿಗೆ ನಾನು ಉತ್ತರ ಕೊಡ್ಬೇಕು.”

“ಇವ್ರಿಗೇನಾದ್ರೂ ಆದ್ರೆ ನಾನು ಕೊಡ್ಬೇಕು ಸಾರ್,” ಎನ್ನುತ್ತ ರಂಜಿತ ಸಿರಿಂಜನ್ನು ಟ್ರೇಯಲ್ಲಿಟ್ಟು, ತಾವೇ ಹೋಗಿ ಸ್ವಿಚ್ ಹಾಕಿದರು.

ಹಳೆಯ ಕಂಪ್ಯೂಟರ್ ಏಳುವುದಕ್ಕೆ ಆರು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಮುನಿಶಾಮಮ್ಮ ನರಳುತ್ತಿದ್ದರು. ಅನಿತ ಡ್ರಿಪ್ ಹಾಕಿ ನಾಡಿ ಹಿಡಿದು ಕೂತಿದ್ದರು. ಚಂದ್ರಮೋಹನ್ ಕೈಗಡಿಯಾರ ನೋಡುತ್ತಿದ್ದರು. ಏನೂ ಸಿಗದಿದ್ದರೆ ಸುಮ್ಮನೆ ತಡ ಮಾಡಿದಂತಾಯಿತಲ್ಲ ಎಂದು ರಂಜಿತರಿಗೆ ಆತಂಕ. ಕೊನೆಗೆ ಹೆಸರು ಬಂತು, ಅದರ ಕೆಳಗೆ ಕೆಂಪಕ್ಷರದ ಸಾಲು: ಪೆನಿಸಿಲಿನ್ ಕೊಡಬಾರದು, ಹಿಂದೆ ಉಸಿರು ಕಟ್ಟಿತ್ತು.

ಅನಿತ ಬೇರೆ ಔಷಧಿ ಬರೆದರು. ಸಂಜೆಯ ಹೊತ್ತಿಗೆ ಜ್ವರ ಇಳಿಯತೊಡಗಿತು.

ಫಾರಂ ತುಂಬುವಾಗ ಮತ್ತೆ ತಕರಾರು. ‘ಕಂಪ್ಯೂಟರ್ ಇಲ್ಲದೆ ಚಿಕಿತ್ಸೆ ಸುರಕ್ಷಿತವಾಗಿ ನಡೆಯಿತೇ?’ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕಿತ್ತು.

“ಹೌದು ಅಂತ ಬರೀರಿ,” ಎಂದರು ಚಂದ್ರಮೋಹನ್, ದನಿ ತಗ್ಗಿಸಿ. “ಯಾರಿಗೂ ಏನೂ ಆಗಿಲ್ವಲ್ಲ. ಇನ್ನೆರಡು ತಿಂಗಳಲ್ಲಿ ಇದು ರಾಜ್ಯಕ್ಕೆಲ್ಲಾ ಜಾರಿ ಆಗ್ಬೇಕು. ನಿಮ್ಮ ಆಸ್ಪತ್ರೆ ಹೆಸರು ಯಾಕೆ ಕೆಡಿಸ್ಕೊಳ್ತೀರ?”

“ಹೀಗೇ ಜಾರಿ ಆದ್ರೆ ಇನ್ನೊಂದು ಕಡೆ ಇನ್ನೊಬ್ರು ಇಂಜೆಕ್ಷನ್ ಕೊಟ್ಟೇಬಿಡ್ತಾರೆ ಸಾರ್.”

ರಂಜಿತ ‘ಇಲ್ಲ’ ಎಂದು ಬರೆದು, ನಡೆದದ್ದನ್ನೆಲ್ಲ ಕೆಳಗೆ ನಾಲ್ಕು ಸಾಲಿನಲ್ಲಿ ಹೇಳಿ ಸಹಿ ಮಾಡಿದರು.

ವಾರದಲ್ಲಿ ನೋಟಿಸ್ ಬಂತು. ಅನುಮತಿ ಇಲ್ಲದೆ ಪರೀಕ್ಷೆ ಮುರಿದದ್ದೇಕೆ ಎಂದು ವಿವರಣೆ ಕೇಳಿದ್ದರು. ಅರ್ಧ ಪುಟದ ಉತ್ತರ ಕೊಟ್ಟರು. ಅನಿತ ತಾವಾಗಿಯೇ ಅದರ ಕೆಳಗೆ ಸಹಿ ಹಾಕಿದರು. ಉಳಿದ ಸಿಬ್ಬಂದಿ ರಂಜಿತರೊಡನೆ ಮಾತು ಕಡಿಮೆ ಮಾಡಿದರು. ಗಂಡ ಆಂಜಿ, “ಬೇರೆ ಊರಿಗೆ ಹಾಕ್ಬಿಟ್ರೆ ಏನೇ ಮಾಡೋದು?” ಎಂದು ಕೇಳಿದರು. ಐದು ವಾರ ಅಂಚೆಯವನನ್ನು ಕಂಡಾಗಲೆಲ್ಲ ರಂಜಿತ ವರ್ಗಾವಣೆಯ ಕಾಗದ ಬಂತೇನೋ ಎಂದು ನೋಡುತ್ತಿದ್ದರು.

ಆರನೆಯ ವಾರ ಅಣಕು ಪರೀಕ್ಷೆಗಳ ಬಗ್ಗೆ ಕೋಲಾರದಲ್ಲಿ ಸಭೆ. ರಂಜಿತರೂ ಹೋಗಿದ್ದರು. ಚಂದ್ರಮೋಹನ್ ಎದ್ದು ಒಂದು ಫಾರಂ ಓದಿದರು. ರಂಜಿತ ಬರೆದದ್ದೇ ಆಗಿತ್ತು, ಒಂದು ಅಕ್ಷರವೂ ಬದಲಾಗಿರಲಿಲ್ಲ. “ಇದನ್ನ ಕಳಿಸೋದೋ ಬೇಡ್ವೋ ಅಂತ ನಾನು ಎರಡು ದಿನ ಇಟ್ಕೊಂಡಿದ್ದೆ,” ಎಂದು ಒಪ್ಪಿಕೊಂಡು ಕೂತರು. ರಂಜಿತರ ಕಡೆ ನೋಡಲಿಲ್ಲ.

ನೋಟಿಸಿನ ಮಾತು ಅಲ್ಲಿಗೇ ನಿಂತಿತು. ಕಾರ್ಯಕ್ರಮದ ಜಾರಿ ಮೂರು ತಿಂಗಳು ಮುಂದೆ ಹೋಯಿತು. ಹೊಸ ನಿಯಮಾವಳಿಯಲ್ಲಿ ಎರಡು ಸಾಲು ಸೇರಿದವು: ಆಗಿಬರದ ಔಷಧಿಯ ಹೆಸರನ್ನು ರೋಗಿಯ ಕೈಯಲ್ಲಿರುವ ಕಾರ್ಡಿನ ಮೇಲೆ ಬರೆಯಬೇಕು, ಅಂಥವರ ಪಟ್ಟಿಯ ಮುದ್ರಿತ ಪ್ರತಿ ಪ್ರತಿದಿನ ಬೆಳಿಗ್ಗೆ ವಾರ್ಡಿನಲ್ಲಿರಬೇಕು. ರಂಜಿತರ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಆದರೆ ಮುಳಬಾಗಿಲು, ಮಾಲೂರು ಕಡೆಯ ಆಸ್ಪತ್ರೆಗಳಲ್ಲಿ ಅಣಕು ಪರೀಕ್ಷೆ ಇದ್ದಾಗ ಈಗ ಅವರನ್ನೇ ಕರೆಯುತ್ತಾರೆ. ಬೆಳಗಿನ ಬಸ್ಸಿಗೆ ಹೋಗಿ, ಒಂದೊಂದು ಹಾಸಿಗೆಯ ಬಳಿಯೂ ನಿಂತು ಕಾರ್ಡು ತೆಗೆಸಿ ನೋಡುತ್ತಾರೆ.