ಅಣ್ಣನ ಕಾರಿನ ಹಿಂದಿನ ಗಾಲಿಗಳು

ಅಣ್ಣ ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ಅವನ ಹೆಂಡತಿ, ನಮ್ಮ ವೈನಿ, ಖಾನಾಪುರದಿಂದ ಫೋನ್ ಮಾಡಿದರು. ಅಂಗಳದಲ್ಲಿ ನಿಂತ ಅವನ ಕಾರು ಮುಂದಕ್ಕೂ ಹೋಗುತ್ತಿಲ್ಲ, ಹಿಂದಕ್ಕೂ ಬರುತ್ತಿಲ್ಲ ಎಂದರು. ಇಡೀ ಮಳೆಗಾಲ ಅದು ಅಲ್ಲೇ ನೆನೆದಿತ್ತು. ಗ್ಯಾರೇಜಿನವನು ನೋಡಿ, ಹಿಂದಿನ ಬ್ರೇಕ್ ಡ್ರಮ್ಮುಗಳು ತುಕ್ಕು ಹಿಡಿದು ಕಚ್ಚಿಕೊಂಡಿವೆ, ಎಳೆದುಕೊಂಡೇ ಹೋಗಬೇಕು ಎಂದಿದ್ದನಂತೆ.

"ಎಳಕೊಂಡು ಹೋಗೂದು ಬ್ಯಾಡ್ರಿ ಭಾವಜಿ. ಮಂದಿ ನಿಂತು ನೋಡತಾರ. ನಿಮ್ಮ ಕಡಿಂದ ಆಗತೈತೇನು ನೋಡ್ರಿ."

ಟಿಳಕವಾಡಿಯ ಮನೆಯ ಮುಂದೆ ನನ್ನ ಹಳೆಯ ಕಾರನ್ನು ನಾನೇ ಬಿಚ್ಚಿ ಜೋಡಿಸುತ್ತೇನೆ. ಆ ಕೆಲಸ ಕಲಿಸಿದವನು ಅಣ್ಣ. ಭಾನುವಾರ ಸ್ಪ್ಯಾನರುಗಳ ಚೀಲ ಹಿಡಿದು ರೈಲು ಹತ್ತಿದೆ. ದೇಸೂರಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಎದುರಿಗೆ ಕೂತವರು ಗೊಣಗಿದರು. ನನಗೆ ಬೇಸರವೂ ಆಗಲಿಲ್ಲ. ಅಣ್ಣ ಹೋದ ದಿನದಿಂದ ಹಾಗೇ ಇತ್ತು. ಮಣ್ಣು ಮಾಡಿ ಬಂದು ಊಟ ಮಾಡಿದ್ದೆ, ಮೂರನೇ ದಿನ ಆಫೀಸಿಗೆ ಹೋಗಿದ್ದೆ. ಅತ್ತಿರಲಿಲ್ಲ.

ಕಾರಿನ ಬಾಗಿಲು ತೆಗೆದಾಗ ಹ್ಯಾಂಡ್‌ಬ್ರೇಕ್ ಮೇಲೆದ್ದೇ ಇತ್ತು. ಅವನು ಎಳೆದು ಇಳಿದುಹೋದದ್ದು. ಇಳಿಸಿದೆ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದೆ ಎಡಗಡೆ ಜಾಕ್ ಹಾಕಿ, ಗಾಲಿ ಬಿಚ್ಚಿದೆ. ಡ್ರಮ್ಮಿನ ಸಂದಿಗೆ ಎಣ್ಣೆ ಬಿಟ್ಟು ಸುತ್ತಿಗೆಯಿಂದ ಬಡಿಯತೊಡಗಿದೆ. ಎಷ್ಟು ಹೊತ್ತು ಬಡಿದೆನೋ.

ಬಾಜೂ ಮನೆಯ ಚಾಚಾ ಬಸ್ಸು ಓಡಿಸಿ ನಿವೃತ್ತರಾದವರು. ಗೋಡೆಯ ಆಚೆ ನಿಂತು ನೋಡುತ್ತಿದ್ದರು.

"ತಮ್ಮಾ, ಕೈ ನೋಡಕೋ. ರಗತ ಬರಾಕತ್ತೈತಿ."

ಎಡಗೈ ಹೆಬ್ಬೆರಳಿನ ಉಗುರು ಸೀಳಿತ್ತು. ಸುತ್ತಿಗೆ ಯಾವಾಗ ತಪ್ಪಿತೋ ನನಗೆ ಗೊತ್ತಾಗಿರಲಿಲ್ಲ. ವೈನಿ ಅರಿಶಿಣ ಒತ್ತಿ ಬಟ್ಟೆ ಕಟ್ಟಿದರು.

"ಉರಿತೈತೇನ್ರಿ?"

"ಇಲ್ಲ ವೈನಿ."

ಅವರು ಗಂಟು ಹಾಕುತ್ತಲೇ ಹೇಳಿದರು: "ನನಗೂ ಹಂಗ ಆಗೈತ್ರಿ. ಮೊನ್ನೆ ಕಾದ ಹಂಚು ಬರಿಗೈಲೆ ಹಿಡದ್ನಿ. ವಾಸನಿ ಬಂದ ಮ್ಯಾಲೆ ಗೊತ್ತಾತು."

ಅಂಗೈ ತೋರಿಸಿದರು.

ಅಷ್ಟರಲ್ಲಿ ಚಾಚಾ ಗೇಟು ದಾಟಿ ಬಂದಿದ್ದರು. ಕೈಯಲ್ಲಿ ಎರಡು ಬೋಲ್ಟು. "ಹಿಂಗ ಬಡದ್ರ ಡ್ರಮ್ಮು ಒಡಿತೈತಿ. ಅದರಾಗ ಎರಡು ತೂತು ಅದಾವಲ್ಲ, ಇವನ್ನ ಹಾಕು. ಇದಕ್ಕೊಂದು ಅರ್ಧ ಸುತ್ತು, ಅದಕ್ಕೊಂದು ಅರ್ಧ ಸುತ್ತು. ಗಡಿಬಿಡಿ ಬ್ಯಾಡ."

ನನಗೆ ಗೊತ್ತಿದ್ದ ವಿಷಯವೇ. ನೆನಪಾಗಿರಲಿಲ್ಲ, ಅಷ್ಟೇ. ಒಂದರ ನಂತರ ಒಂದು ತಿರುಗಿಸುತ್ತ ಹೋದೆ. ಆರೇಳು ಸುತ್ತು ಆಗುವಷ್ಟರಲ್ಲಿ ಡ್ರಮ್ಮು ಠಪ್ಪೆಂದು ಸದ್ದು ಮಾಡಿ ಬಿಟ್ಟುಕೊಂಡಿತು. ಒಳಗಿನ ಕಪ್ಪು ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ತುಕ್ಕನ್ನು ಪಾಲಿಶ್ ಕಾಗದದಿಂದ ತಿಕ್ಕಿದೆ. ಬಲಗಡೆಯದೂ ಮುಗಿದು, ಡ್ರಮ್ಮು ಗಾಲಿಗಳನ್ನು ಮತ್ತೆ ಕೂರಿಸುವಾಗ ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು.

ಬ್ಯಾಟರಿ ಸತ್ತಿತ್ತು. ದೂಡಿಯೇ ನೋಡಬೇಕಾಯಿತು. ಸ್ಟಿಯರಿಂಗ್ ಹಿಡಿಯಲು ಯಾರೂ ಇಲ್ಲದ್ದನ್ನು ನೋಡಿ ವೈನಿ ಸೆರಗು ಸಿಕ್ಕಿಸಿ ತಾವೇ ಹತ್ತಿ ಕೂತರು. ಹಿಂದೆಂದೂ ಆ ಸೀಟಿನಲ್ಲಿ ಕೂತವರಲ್ಲ. ನಾನೂ ಚಾಚಾನೂ ದೂಡಿದೆವು. ಗಾಲಿಗಳು ಕಿರುಗುಟ್ಟುತ್ತ ತಿರುಗಿದವು. ಕಾರು ಹಲಸಿನ ಮರದ ತನಕ ಹೋಯಿತು. ಅವರು ಬ್ರೇಕ್ ಒತ್ತಿದರು, ನಿಂತಿತು.

"ನನಗ ಕಲಸ್ರಿ ಭಾವಜಿ," ಎಂದರು ಕಿಟಕಿಯಿಂದ. "ಸಾಲಿಗೆ ಪಾಠ ಹೇಳಾಕ ನಾನ ಹೊಡಕೊಂಡು ಹೋಗತೀನಿ."

"ಮೊದಲ ಹೊಸಾ ಬ್ರೇಕ್ ಶೂ ಹಾಕೂಣು ವೈನಿ. ಮುಂದಿನ ಐತವಾರ ಬರತೀನಿ."

ಚಾಚಾ ನಮಾಜಿಗೆ ಹೊತ್ತಾಯಿತೆಂದು ಹೊರಟರು. ವೈನಿ ಇಳಿಯಲಿಲ್ಲ. ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಕೂತೇ ಇದ್ದರು. ನಾನು ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ತುಂಬಿದೆ.