ಶಿವಗಂಗಾ ವಾಪಸು ಕೊಟ್ಟ ಬೆಲ್ಲ

ಶಿವಗಂಗಾಳ ಬಾಯಿಗೆ ಹೆದರದವರು ಶಹಾಬಾದಿನಲ್ಲಿ ಕಡಿಮೆ. ಅವಳ ಹೃದಯ ಮಾತ್ರ ಅವಳ ಮಾತು ಕೇಳಲಿಲ್ಲ. ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಒಂದು ಮಟಮಟ ಮಧ್ಯಾಹ್ನ ಎದೆ ಹಿಡಿದುಕೊಂಡು ಕುಸಿದಳು. "ಗ್ಯಾಸ್ ಆಗ್ಯಾದ, ಸೋಡಾ ತರ್ರಿ" ಎಂದು ಅಲ್ಲೂ ಹುಕುಂ ಮಾಡಿದಳು. ಜೊತೆಗೆ ದುಡಿಯುವ ಅಮೀರ್ಬೀ ಸೋಡಾ ತರಲಿಲ್ಲ, ಜೀಪು ತಂದಳು. ಅದಕ್ಕೇ ಶಿವಗಂಗಾ ಬದುಕಿದಳು.

ಕಲಬುರಗಿಯ ಆಸ್ಪತ್ರೆಯಲ್ಲಿ ಕಟ್ಟಿಕೊಂಡ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಡಾಕ್ಟರ್ ಸರಿತಾ ಅವಳ ಕೆಲಸ ಏನೆಂದು ಕೇಳಿದರು.

"ಮಷೀನಿಗಿ ಕಲ್ಲ ಕೊಡ್ತೀನ್ರಿ. ಸಂಜೀತನ ಮೈಯೆಲ್ಲ ಧೂಳು."

"ಬಿಪಿ, ಶುಗರ್ ಎರಡೂ ಅದಾವ ನಿಮಗ. ಅವುಗಳ ಜೊತಿಗಿ ಧೂಳೂ ಸೇರ್ಯಾದ. ಭಾಳ ಸಣ್ಣ ಧೂಳು ಪುಪ್ಪುಸ ದಾಟಿ ರಕ್ತಕ್ಕ ಇಳೀತದ, ನಾಳದ ಒಳಮೈ ಬಾತ್ಕೋತದ, ರಕ್ತ ಹೆಪ್ಪುಗಟ್ತದ."

"ಹಂಗ್ಯಾಂಗ ಆಗ್ತದ್ರಿ ಮೇಡಂ? ನಾ ದಿನಾ ಬೆಲ್ಲ ತಿಂತೀನಿ!"

ಈ ಭಾಗದಲ್ಲಿ ಧೂಳಿನಲ್ಲಿ ದುಡಿಯುವವರ ನಂಬಿಕೆ ಅದು. ಸಂಜೆ ಒಂದು ಉಂಡೆ ಬೆಲ್ಲ ತಿಂದರೆ ಒಳಗಿನ ಧೂಳೆಲ್ಲ ಕೆಳಗಿಳಿಯುತ್ತದೆ. ಕಾರ್ಖಾನೆಯ ಮಾಲೀಕ ಕಾಶೀನಾಥ ಸಾವ್ಕಾರರು ಅದನ್ನು ತಾವೇ ಕೈಯಾರೆ ಹಂಚುತ್ತಿದ್ದರು. ಶಿವಗಂಗಾ ಸೆರಗೊಡ್ಡಿ ಇಸಿದುಕೊಂಡು, "ನಮ್ಮ ಸಾವ್ಕಾರ್ರು ದೇವರಂಥವರು" ಎಂದು ಊರೆಲ್ಲ ಹೇಳಿಕೊಂಡು ಬಂದವಳು.

ಡಾಕ್ಟರ್ ನಗಲಿಲ್ಲ. "ಬೆಲ್ಲ ಹೊಟ್ಟಿಗಿ ಹೋಗ್ತದ, ಧೂಳು ಎದಿಗಿ ಹೋಗ್ತದ. ಅವೆರಡೂ ಎಲ್ಲಿ ಭೇಟಿ ಆಗಬೇಕವ್ವ? ಮ್ಯಾಲ ನಿಮಗ ಶುಗರ್ ಬ್ಯಾರೆ."

ಶಿವಗಂಗಾಳಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ನೆತ್ತಿಗೇರಿತು. ಕಲ್ಲು ಕೊಯ್ಯುವ ಅಲಗಿನ ಮೇಲೆ ನೀರು ಬಿಡುವ ಪೈಪು ಮಷೀನಿನ ಜೊತೆಗೇ ಬಂದದ್ದು. ನೀರು ಬಿದ್ದರೆ ಧೂಳು ಏಳುವುದೇ ಕಡಿಮೆ. ಆದರೆ ರಾಡಿಯಾಗುತ್ತದೆ, ಹಸಿ ಕಲ್ಲು ಲಾರಿಗೆ ಹೇರಲು ತಡವಾಗುತ್ತದೆ ಎಂದು ಸಾವ್ಕಾರರು ಅದನ್ನು ಯಾವತ್ತೋ ಬಂದ್ ಮಾಡಿದ್ದರು. ನೀರಿನ ಬದಲಿಗೆ ಬೆಲ್ಲ! ಎಂಥ ಅಗ್ಗದ ಪುಣ್ಯ!

ಮೈಗೆ ಕಸುವು ಬಂದ ಮೇಲೆ ಡಾಕ್ಟರ್ ಹಗುರ ಕೆಲಸಕ್ಕೆ ಒಪ್ಪಿದರು. ಅವಳು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕಾರ್ಖಾನೆಗೆ ಹೋದಳು. ಗಂಡನಿಲ್ಲದ ಮನೆ, ಅವಳು ದುಡಿದರೇನೇ ಒಲೆ ಉರಿಯುವುದು. ಸಾವ್ಕಾರರು ಮರುಕದಿಂದಲೇ ಹೇಳಿದರು: "ಕಸ ಹೊಡಕೊಂಡಿರು, ಸಾಕು."

"ಪೈಪಿನ ನೀರ ಬಿಡ್ರಿ ಸಾವ್ಕಾರ್ರ. ಆಮ್ಯಾಲ ಏನ್ ಹೇಳ್ತೀರಿ ಅದನ್ನ ಮಾಡ್ತೀನಿ."

"ಬಿಡಂಗಿಲ್ಲ. ಆಗಲ್ಲಂದ್ರ ಮನೀಗಿ ನಡಿ."

ಅವಳು ಹೋಗಲಿಲ್ಲ. ಅಂಗಳದಲ್ಲೇ ಬೇವಿನ ಮರದ ಕೆಳಗೆ ಕುಳಿತಳು. ಸಂಜೆ ಬೆಲ್ಲದ ಬುಟ್ಟಿ ಬಂದಾಗ ಎದ್ದು ಬಂದು ಒಂದು ಉಂಡೆ ಇಸಿದುಕೊಂಡಳು, ಸೀದಾ ಹೋಗಿ ಅದನ್ನು ಮಷೀನಿನ ಅಲಗಿನ ಮುಂದಿಟ್ಟಳು.

"ಇದಕ್ಕ ತಿನಸ್ರಿ. ಧೂಳು ಹುಟ್ಟೋದು ಇದರ ಬಾಯಾಗ, ನಮ್ಮ ಬಾಯಾಗಲ್ಲ."

ಸಾವ್ಕಾರರ ಮುಖ ಕೆಂಪಾಯಿತು. "ನಾಳಿಂದ ನೀ ಬರೂದು ಬ್ಯಾಡ!"

ಕೆಲಸ ಹೋಯಿತೆಂದು ಶಿವಗಂಗಾಳಿಗೂ ಖಾತ್ರಿಯಾಯಿತು. ಅಷ್ಟರಲ್ಲಿ ಅಮೀರ್ಬೀ ತನ್ನ ಸೆರಗಿನ ಗಂಟು ಬಿಚ್ಚಿ, ಆ ಉಂಡೆಯ ಪಕ್ಕದಲ್ಲಿ ತನ್ನದನ್ನೂ ಇಟ್ಟಳು. "ನಂದೂ ಇರ್ಲಿ ಗಂಗಕ್ಕ" ಎಂದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು.

ಮರುದಿನ ಬೆಳಿಗ್ಗೆ ಬೆಲ್ಲಕ್ಕೆ ಇರುವೆ ಮುತ್ತಿದ್ದವು. ಆಳುಗಳೆಲ್ಲ ಬೇವಿನ ಕೆಳಗೆ ಕೈಕಟ್ಟಿ ಕುಳಿತಿದ್ದರು, ನಡುವೆ ಶಿವಗಂಗಾ. ಗೇಟಿನಲ್ಲಿ ನಿಂತ ಲಾರಿ ಹಾರ್ನ್ ಹೊಡೆದು ಹೊಡೆದು ಸುಮ್ಮನಾಯಿತು. ಬಿಸಿಲು ನೆತ್ತಿಗೆ ಬಂದಾಗ ಸಾವ್ಕಾರರು ತಾವೇ ಬಂದು, ಬೆಲ್ಲ ಬಳಿದು ಹಾಕಿ, ತುಕ್ಕು ಹಿಡಿದ ನಲ್ಲಿ ತಿರುಗಿಸಿದರು. ಪೈಪು ಕೆಮ್ಮಿತು, ಆಮೇಲೆ ನೀರು ಬಂತು.

ಕಲ್ಲು ಕೊಯ್ಯುವಾಗ ಬೂದು ರಾಡಿ ನೆಲಕ್ಕೆ ಹರಿಯಿತು. ಇಷ್ಟು ದಿನ ಎದೆಗೆ ಹೋಗುತ್ತಿದ್ದದ್ದು ಅದೇ. ಶಿವಗಂಗಾ ಕಸಬರಿಗೆ ಹಿಡಿದು ಅದನ್ನು ಮೋರಿಗೆ ತಳ್ಳಿದಳು.

"ಇದು ಇವತ್ತೊಂದಿನ, ತಿಳೀತಾ?" ಎಂದರು ಸಾವ್ಕಾರರು. "ನಾಳಿಗಿ ಮತ್ತ ಬಂದ್ ಮಾಡ್ತೀನಿ."

ಶಿವಗಂಗಾ ತಲೆ ಎತ್ತಲೂ ಇಲ್ಲ.

"ಮಾಡ್ರಿ. ನಾಳಿಗೂ ನಾ ಜೀವಂತ ಇರ್ತೀನಿ."